ಗಿರಿಜೆ ಎದ್ದು ನಿಂತ ಊರು

ಮೈಸೂರು

ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಕಿವಿ ರೋಗಿಯ ಮಾತು ಕೇಳುತ್ತಿದ್ದರೆ ಕಣ್ಣು ಮಂಚದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುತ್ತದೆ. ಹೋದ ಬೇಸಗೆಯಲ್ಲಿ ಗಿರಿಜೆ ವಿಡಿಯೋ ಕರೆ ಮಾಡಿದಾಗಲೂ ಹಾಗೇ ಆಯಿತು.

ಗಿರಿಜೆ ಮತ್ತು ನಾನು ಮೈಸೂರಿನ ನರ್ಸಿಂಗ್ ಶಾಲೆಯಲ್ಲಿ ಒಂದೇ ಕೋಣೆಯಲ್ಲಿದ್ದವರು. ನಾನು ಇಲವಾಲದ ಬೇಸಾಯದ ಮನೆಯವಳು, ಅವಳು ನಂಜನಗೂಡಿನ ಅಂಗಡಿ ಮನೆತನದವಳು. ಬೆಳಗ್ಗೆ ಎದ್ದು ಹಣೆಗೆ ವಿಭೂತಿ ಇಡದೆ ನೀರೂ ಕುಡಿಯುತ್ತಿರಲಿಲ್ಲ. ಓದು ಮುಗಿದ ಮೇಲೆ ನಾನು ಇಲ್ಲೇ ಉಳಿದೆ, ಅವಳು ಕೊಲ್ಲಿ ದೇಶಕ್ಕೆ ಹೋಗಿ ಅಲ್ಲಿಂದ ಐರ್ಲೆಂಡಿಗೆ ಹೋದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ "ಅವತ್ತು ಡ್ಯೂಟಿ ಇತ್ತು" ಎನ್ನುವಳು. ನಿವೃತ್ತಿಯಾದ ಮೇಲೂ ಅಲ್ಲೇ ಒಂದು ಕಡಲತೀರದ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಆ ಬೇಸಗೆಗೆ ಮುಂಚಿನ ಚಳಿಗಾಲದಲ್ಲಿ ಅಡುಗೆಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಆಸ್ಪತ್ರೆಯವರು ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಕಳಿಸಿದರು.

ನಮ್ಮ ಮೈಸೂರಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಆಪರೇಷನ್ನಿನ ಖಾಸಗಿ ಆಸ್ಪತ್ರೆ. ಅಲ್ಲಿ ಹಾಗಲ್ಲ. ವಯಸ್ಸಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರು ಆರೈಕೆಗೆಂದು ಬಂದು ಉಳಿಯುವ ಮನೆ ಅದು. ಹಲವರು ಬಂದವರು ವಾಪಸು ಹೋಗುವುದಿಲ್ಲ.

"ಎಲ್ಲಾ ಚೆನ್ನಾಗದೆ ಕಣೇ ಜಯಾ. ಕಾಫಿ ಹಾಸಿಗೆಗೇ ಬತ್ತದೆ. ಇನ್ನೇನ್ ಬೇಕು? ಇಲ್ಲೇ ಇದ್ಬುಡ್ತೀನಿ," ಎಂದಳು ಫೋನಿನಲ್ಲಿ.

ನನ್ನ ಕಣ್ಣು ಅವಳ ಬೆನ್ನ ಹಿಂದೆ ಹೋಯಿತು. ಮೂಲೆಯಲ್ಲಿ ವಾಕರ್ ನಿಂತಿತ್ತು, ನಡೆಯಲು ಆಸರೆಗೆ ಕೊಡುವ ನಾಲ್ಕು ಕಾಲಿನ ಚೌಕಟ್ಟು. ಅದರ ಮೇಲೆ ಟವೆಲ್ಲು, ಸ್ವೆಟರು, ಒಂದು ಕೈಚೀಲ. ಅದು ಬಟ್ಟೆ ನೇತುಹಾಕುವ ಗೂಟವಾಗಿತ್ತು.

"ನಡೀತಿದ್ದೀಯೇನೇ?"

"ಹ್ಞೂಂ, ಆಗಾಗ," ಎಂದು ಮುಖ ತಿರುಗಿಸಿದಳು.

ಎರಡು ತಿಂಗಳಲ್ಲಿ ಒಂದು ಸಭೆಯಿದೆಯಂತೆ. ಅವಳು ಅಲ್ಲೇ ಕಾಯಂ ಉಳಿಯುವುದೋ ಹೇಗೋ ಎಂದು ಅಲ್ಲಿ ತೀರ್ಮಾನವಂತೆ. ಕಾಯಂ ಆದರೆ ಬಾಡಿಗೆ ಮನೆಯ ಬೀಗದಕೈ ವಾಪಸು. ಅವಳು ಇದನ್ನು ಹೇಳಿದ ದನಿ ಪಕ್ಕದ ಮಂಚದವರ ಸುದ್ದಿ ಹೇಳಿದ ಹಾಗಿತ್ತು. ಅವತ್ತು ರಾತ್ರಿ ಊಟ ಬಡಿಸುತ್ತ, ಹೋಗಿ ನೋಡಿ ಬರುತ್ತೇನೆ ಎಂದೆ.

"ರಿಟೈರಾದ್ ಮೇಲೂ ರೌಂಡ್ಸಾ? ಅದೂ ಐರ್ಲೆಂಡ್‌ಗಾ?" ಎಂದರು ನಮ್ಮ ಯಜಮಾನರು. ಆಮೇಲೆ ತಾವೇ, "ಹೋಗ್ಬುಟ್ಟು ಬಾ. ಇಲ್ಲಾಂದ್ರೆ ಮನೇಲಿ ನನ್ ಮೇಲೆ ರೌಂಡ್ಸ್ ಹಾಕ್ತೀಯ," ಎಂದು ಪಾಸ್‌ಪೋರ್ಟಿನ ಅರ್ಜಿ ತುಂಬಲು ಕನ್ನಡಕ ಹಾಕಿಕೊಂಡರು.

ಡಬ್ಲಿನ್ ವಿಮಾನ ನಿಲ್ದಾಣ

ಮಂಡಕಳ್ಳಿಯಲ್ಲಿ ನಮಗೂ ಒಂದು ವಿಮಾನ ನಿಲ್ದಾಣವಿದೆ ಎಂದು ಹೆಮ್ಮೆಯೇನೋ ಉಂಟು, ಆದರೆ ಕಡಲು ದಾಟುವವರು ಬೆಂಗಳೂರಿಗೇ ಹೋಗಬೇಕು. ಪಾಸ್‌ಪೋರ್ಟು, ವೀಸಾ ಕೈಗೆ ಬಂದು ನಾನು ಡಬ್ಲಿನ್ನಿನಲ್ಲಿ ಇಳಿಯುವ ಹೊತ್ತಿಗೆ ಗಿರಿಜೆಯ ಸಭೆಗೆ ಸರಿಯಾಗಿ ಮೂರು ವಾರ ಉಳಿದಿತ್ತು. ನನ್ನ ಅರವತ್ತೇಳು ವರ್ಷದಲ್ಲಿ ಮೊದಲ ವಿದೇಶ ಪ್ರಯಾಣ.

ಕೌಂಟರಿನ ಅಧಿಕಾರಿ ಬಂದ ಉದ್ದೇಶ ಕೇಳಿದ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

"ನರ್ಸಿಂಗ್ ಹೋಮ್ ಇನ್‌ಸ್ಪೆಕ್ಷನ್," ಎಂದೆ.

ಆತ ತಲೆ ಎತ್ತಿದ. "ಯಾವ ಇಲಾಖೆಯಿಂದ?"

"ಇಲಾಖೆ ಇಲ್ಲ. ನನ್ನ ಸ್ನೇಹಿತೆ ಅಲ್ಲಿದ್ದಾಳೆ."

"ಅಲ್ಲಿ ಕೆಲಸ ಮಾಡುತ್ತಾರಾ?"

"ಇಲ್ಲ, ಮಲಗಿದ್ದಾಳೆ."

ನನ್ನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಅಲ್ಲಿ ಕುಳಿತವರೆಲ್ಲ ಏನೋ ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಿದ್ದರು. ನಾನು ಗಿರಿಜೆಯ ಪತ್ರ, ನನ್ನ ನಿವೃತ್ತಿಯ ಕಾಗದ, ಹಿಂದಿರುಗುವ ಟಿಕೆಟ್ಟು ಎಲ್ಲವನ್ನೂ ತೊಡೆಯ ಮೇಲೆ ಹರಡಿಕೊಂಡು ಕುಳಿತೆ. ಅರ್ಧ ಗಂಟೆಯ ಮೇಲೆ ಅದೇ ಅಧಿಕಾರಿ ಬಂದು ಕಾಗದಗಳನ್ನು ಓದಿದ, ಮುದ್ರೆ ಒತ್ತಿದ. ಪಾಸ್‌ಪೋರ್ಟು ವಾಪಸು ಕೊಡಲು ಮಾತ್ರ ಸ್ವಲ್ಪ ತಡೆದ.

"ನನ್ನ ತಾಯಿಯನ್ನೂ ಅಂಥ ಕಡೆ ಬಿಟ್ಟಿದ್ದೇನೆ. ಅಲ್ಲಿ ಹೋದಾಗ ಮೊದಲು ಏನು ನೋಡಬೇಕು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಕೈ ಹಿಡಿದುಕೊಂಡು ಉಗುರು ನೋಡಿ," ಎಂದೆ. "ಉಗುರು ಕತ್ತರಿಸಲು ಪುರುಸೊತ್ತಿರುವವರಿಗೆ ಉಳಿದದ್ದಕ್ಕೂ ಪುರುಸೊತ್ತಿರುತ್ತದೆ."

ನೋರಾಳ ಬೀದಿ

ಡಬ್ಲಿನ್ನಿನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಅರ್ಧ ದಿನ. ದಾರಿಯುದ್ದಕ್ಕೂ ಹಸಿರು ಹೊಲ, ಕಲ್ಲಿನ ಬೇಲಿ, ಕುರಿ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮ ಸಿಟಿ ಬಸ್ಸಿನಲ್ಲಿ ಪೂರ್ತಿ ನಿಲ್ಲಿಸಿದರೆ ನಾವೂ ಹೇಳಬಹುದು.

ನಾನು ಉಳಿದದ್ದು ಗಿರಿಜೆಯ ಖಾಲಿ ಮನೆಯಲ್ಲಿ. ಬೀಗದಕೈ ಕೊಟ್ಟವಳು ಪಕ್ಕದ ಮನೆಯ ನೋರಾ, ಎಪ್ಪತ್ತು ದಾಟಿದ ಗುಂಡನೆಯ ಹೆಂಗಸು. ಗಿರಿಜೆ ಬಿದ್ದ ದಿನ ಅವಳನ್ನು ಕಂಡವಳೂ ಇವಳೇ.

ನೋರಾಳ ಬಾಯಲ್ಲಿ ಎಲ್ಲವೂ "ಗ್ರ್ಯಾಂಡ್". ನಮ್ಮ ಕಡೆ ಮದುವೆಗೆ ಐದು ಬಗೆಯ ಸಿಹಿ ಮಾಡಿಸಿದರೆ ಗ್ರ್ಯಾಂಡಾಯಿತು ಎನ್ನುತ್ತೇವೆ. ಇವಳಿಗೆ ಮೋಡ ಕವಿದ ಹವೆಯೂ ಗ್ರ್ಯಾಂಡ್, ಮಂಡಿ ನೋವೂ ಗ್ರ್ಯಾಂಡ್, ಹಾಲು ಒಡೆದ ಚಹಾವೂ ಗ್ರ್ಯಾಂಡ್. ಆ ನರ್ಸಿಂಗ್ ಹೋಮ್ ಹೇಗಿದೆ ಎಂದು ಕೇಳಿದೆ.

"ಗ್ರ್ಯಾಂಡ್," ಎಂದಳು.

ನಮ್ಮವರ "ಪರವಾಗಿಲ್ಲ" ಎಂಬ ಮಾತಿನ ಅಣ್ಣನೇ ಇದು ಎಂದು ನನಗೆ ಅರ್ಥವಾಯಿತು. ಇಂಥ ಊರಿನಲ್ಲಿ ಬಾಯಿಮಾತು ಕೇಳಿ ಏನನ್ನೂ ತೂಗುವಂತಿಲ್ಲ. ನೋಡಿಯೇ ತಿಳಿಯಬೇಕು.

ಕಡಲ ಎದುರಿನ ಮನೆ

ಮರುದಿನ ಬೆಳಗ್ಗೆ ಹೋದೆ. ಹೆಂಚಿನ ದೊಡ್ಡ ಮನೆ, ಮುಂದೆ ಹುಲ್ಲುಹಾಸು, ಅದರಾಚೆ ಕಡಲು. ಬಾಗಿಲಲ್ಲಿ ಹೆಸರು ಬರೆಸಿಕೊಂಡು ಒಳಗೆ ಕಾಲಿಟ್ಟವಳೇ ಮೂಗರಳಿಸಿದೆ. ಮೂತ್ರದ ವಾಸನೆ ಇಲ್ಲ. ಅದನ್ನು ಮುಚ್ಚುವ ಸುಗಂಧದ ವಾಸನೆಯೂ ಇಲ್ಲ. ಒಗೆದ ಬಟ್ಟೆಯ ವಾಸನೆ, ಬೆಣ್ಣೆಯಲ್ಲಿ ಏನೋ ಬೇಯುವ ವಾಸನೆ ಅಷ್ಟೇ.

ಗಿರಿಜೆ ನನ್ನನ್ನು ಕಂಡು ಅತ್ತಳು, ನಾನೂ ಅತ್ತೆ. ಅಳುತ್ತಲೇ ಅವಳ ಕೈ ಹಿಡಿದು ಉಗುರು ನೋಡಿದೆ. ನೀಟಾಗಿ ಕತ್ತರಿಸಿದ್ದರು. ಕಾಲಿನ ಹಿಮ್ಮಡಿ ಒತ್ತಿ ನೋಡಿದೆ, ಬೆನ್ನು ನೋಡಿದೆ. ಮಲಗಿ ಮಲಗಿ ಆಗುವ ಹುಣ್ಣಿನ ಒಂದು ಕೆಂಪು ಗುರುತೂ ಇರಲಿಲ್ಲ.

"ಬಂದ್ ತಕ್ಷಣ ಹೆಣ ನೋಡ್ದಂಗ್ ನೋಡ್ತಿದ್ದೀಯಲ್ಲೇ," ಎಂದು ಅಳುವಿನ ನಡುವೆಯೇ ನಕ್ಕಳು.

ಮುಖ ತೊಳೆಯಲು ಬಚ್ಚಲಿಗೆ ಹೋದೆ. ಒಳಗೆ ಕತ್ತಲು. ಗೋಡೆಯ ಬಳಿ ಒಂದು ಕೆಂಪು ದಾರ ಇಳಿಬಿದ್ದಿತ್ತು, ದೀಪದ್ದಿರಬೇಕು ಎಂದು ಎಳೆದೆ. ದೀಪ ಹತ್ತಲಿಲ್ಲ. ನಾನು ಇನ್ನೂ ಎರಡು ಸಲ ಜಗ್ಗಿದೆ. ಬಾಗಿಲು ಧಡಾರನೆ ತೆರೆದು ಮೂವರು ಹುಡುಗಿಯರು ಒಟ್ಟಿಗೆ ಒಳನುಗ್ಗಿದರು, ಒಬ್ಬಳ ಕೈಯಲ್ಲಿ ಆಮ್ಲಜನಕದ ಸಿಲಿಂಡರು! ಅದು ಬಿದ್ದವರು ಸಹಾಯಕ್ಕೆ ಕರೆಯುವ ದಾರವಂತೆ. ನಾನು ನಾಚಿ ನೀರಾದೆ. ಆದರೂ ಮನಸ್ಸಿನ ಮೂಲೆಯಲ್ಲಿ ಎಣಿಕೆ ನಡೆದೇ ಇತ್ತು: ದಾರ ಎಳೆದು ಅವರು ಬರುವವರೆಗೆ ನಲವತ್ತು ಎಣಿಸುವಷ್ಟೂ ಹೊತ್ತಾಗಿರಲಿಲ್ಲ. ನಮ್ಮ ವಾರ್ಡಿನಲ್ಲಿ ಕರೆದ ರೋಗಿಯ ಬಳಿಗೆ ನಲವತ್ತು ಎಣಿಸುವಷ್ಟರಲ್ಲಿ ಯಾರೂ ಹೋದದ್ದಿಲ್ಲ, ನಾನೂ ಸೇರಿ.

ಗಲಾಟೆ ಕೇಳಿ ಅಲ್ಲಿನ ಮೇಲ್ವಿಚಾರಕಿಯೇ ಬಂದಳು. ಹೆಸರು ಶೈನಿ, ಕೇರಳದವಳು, ನಲವತ್ತರ ಆಸುಪಾಸು. ನಾನು ಮೈಸೂರಿನ ನರ್ಸು ಎಂದು ಕೇಳಿದ್ದೇ ಅವಳ ಮುಖ ಅರಳಿತು.

"ಅಯ್ಯೋ ಸಿಸ್ಟರ್, ನಂಗೆ ಕನ್ನಡ ಬರ್ತದೆ! ನಾನು ನರ್ಸಿಂಗ್ ಓದಿದ್ದು ಮೈಸೂರಲ್ಲೇ. ನಾಲ್ಕು ವರ್ಷ ಹಾಸ್ಟೆಲಲ್ಲಿ ಚಿತ್ರಾನ್ನ ತಿಂದಿದ್ದೀನಿ."

ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಈ ಮನೆಗೆ ನೂರಕ್ಕೆ ತೊಂಬತ್ತೈದು ಅಂಕ ಬಿದ್ದಾಗಿತ್ತು. ಗಿರಿಜೆ ಸುಖವಾಗಿದ್ದಾಳೆ, ನಾನು ಸುಮ್ಮನೆ ಹೆದರಿದೆ, ಕಡಲು ನೋಡಿಕೊಂಡು ಊರಿಗೆ ಹೋದರಾಯಿತು ಎಂದುಕೊಂಡೆ.

ಊಟದ ಹೊತ್ತಾಯಿತು. ಊಟದ ಕೋಣೆ ಗಿರಿಜೆಯ ಬಾಗಿಲಿನಿಂದ ಹದಿನೈದು ಹೆಜ್ಜೆ. ಒಬ್ಬ ಹುಡುಗಿ ನಗುನಗುತ್ತ ವೀಲ್‌ಚೇರ್ ತಂದಳು. ಗಿರಿಜೆಯನ್ನು ಎತ್ತಿ ಕೂರಿಸಿ ತಳ್ಳಿಕೊಂಡು ಹೋದರು. ಉಳಿದವರನ್ನೂ ಹಾಗೇ ತಂದರು. ಮಾಂಸ ಕತ್ತರಿಸಿ ಕೊಟ್ಟರು, ಗಿರಿಜೆಗೆ ತರಕಾರಿ ಕತ್ತರಿಸಿ ಕೊಟ್ಟರು, ಲೋಟ ತುಟಿಗೇ ಹಿಡಿದರು. ನನ್ನ ಕರವಸ್ತ್ರ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ನಿಂತುಬಿಟ್ಟೆ.

ಮೇಜಿನ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಜೊತೆ ಕಾಲುಗಳು ವೀಲ್‌ಚೇರಿನ ಪಾದಪೀಠದ ಮೇಲೆ ಹಿಮ್ಮಡಿಯೂರಿ ಚಾಚಿದ್ದವು. ಎಲ್ಲಕ್ಕೂ ಮೆತ್ತನೆಯ ಚಪ್ಪಲಿ. ಒಂದೊಂದರ ಮೇಲ್ಭಾಗ ತೊಳೆದು ತೊಳೆದು ಬಣ್ಣ ಮಾಸಿತ್ತು. ಅಡಿಭಾಗ ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಸವೆದದ್ದು ಒಂದೂ ಇರಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿ

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಬೀಳಬಾರದು ಎಂದು ಏಳುವುದನ್ನೇ ನಿಲ್ಲಿಸಿದ್ದರು, ಅಷ್ಟೇ.

ಗಿರಿಜೆ ತನ್ನ ದಾಖಲೆಯನ್ನು ಕೇಳಿ ತರಿಸಿಕೊಂಡಳು. ಇಬ್ಬರೂ ಕನ್ನಡಕ ಏರಿಸಿಕೊಂಡು ಓದಿದೆವು. ಹದಿನೈದು ದಿನಕ್ಕೊಮ್ಮೆ ಬರುವ ವ್ಯಾಯಾಮದ ಥೆರಪಿಸ್ಟ್ ಒಂದು ಹಾಳೆಯಲ್ಲಿ ಬರೆದಿದ್ದ: ಮೂಳೆ ಕೂಡಿದೆ, ವಾಕರಿನೊಂದಿಗೆ ದಿನವೂ ನಡೆಸಿ. ಮುಂದಿನ ಹಾಳೆಯಲ್ಲಿ ಇನ್ನಾರೋ ಬರೆದಿದ್ದರು: ಬೀಳುವ ಅಪಾಯ ಹೆಚ್ಚು, ವೀಲ್‌ಚೇರಿನಲ್ಲೇ ಕರೆದೊಯ್ಯಿರಿ. ಎರಡು ಹಾಳೆಗಳೂ ಒಂದೇ ಪಿನ್ನಿನಲ್ಲಿ ನಾಲ್ಕು ತಿಂಗಳು ಸುಖವಾಗಿ ಕೂತಿದ್ದವು.

"ನೋಡೇ, ನಡೀಬೋದು ಅಂತ ಬರ್ದವ್ರೆ."

"ಬರೆಯೋರ್ಗೇನ್ ಕಣೇ, ಬರೀತಾರೆ." ಗಿರಿಜೆಯ ದನಿ ಒರಟಾಯಿತು. "ಅವತ್ತು ಬೆಳಗ್ಗೆ ಬಿದ್ದೋಳು ನಾನು. ಸಾಯಂಕಾಲ ನೋರಾ ಬರೋಗಂಟ ಆ ನೆಲದ ಮೇಲೆ ಬಿದ್ದಿದ್ದೆ. ಫೋನು ಮೇಜಿನ ಮೇಲೆ ಹೊಡ್ಕೋತಾ ಇತ್ತು, ಎಟುಕ್ಲಿಲ್ಲ. ಎಷ್ಟು ಜನಾನ ಎಬ್ಸಿ ನಡೆಸಿದ್ದೀನಿ ನಾನು, ಲೆಕ್ಕ ಇಲ್ಲ. ನಂಗೇ ಏಳೋಕಾಗ್ಲಿಲ್ಲ. ನಿಂಗೇನ್ ಗೊತ್ತು?"

ನಾನು ದಾಖಲೆ ಮುಚ್ಚಿ ಮಂಚದ ಮೇಲಿಟ್ಟೆ. ನನಗೆ ಇನ್ನೊಂದು ವಿಷಯವೂ ಚುಚ್ಚುತ್ತಿತ್ತು. ಮೈಸೂರಿನ ಯಾದವಗಿರಿಯ ಒಂದು ವೃದ್ಧಾಶ್ರಮಕ್ಕೆ ನಾನು ತಿಂಗಳಿಗೊಮ್ಮೆ ಹೋಗಿ ಆರೈಕೆ ಹೇಗಿದೆ ಎಂದು ನೋಡಿ ಬರುತ್ತೇನೆ. ಐರ್ಲೆಂಡಿಗೆ ಹೊರಡುವ ಮುನ್ನ ಅಲ್ಲಿನ ಆಯಾಗಳನ್ನು, "ಅಜ್ಜಿಯರಿಗೆ ಲೋಟ ಎತ್ತೋಕೂ ಬಿಡಲ್ವಲ್ಲಮ್ಮ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಹೊಗಳಿ ಬಂದಿದ್ದೆ. ಚಪ್ಪಲಿಯ ಅಡಿ ನೋಡುವ ಬುದ್ಧಿ ನನಗೆ ಅಲ್ಲಿ ಬಂದಿರಲಿಲ್ಲ.

"ನಡೆಯೋದ್ ಬೇಡ," ಎಂದೆ ಕೊನೆಗೆ. "ಕುರ್ಚಿಯಿಂದ ಏಳು. ನಿಲ್ಲು. ಕೂತ್ಕೊ. ಬಿದ್ರೆ ನನ್ ಮೇಲೆ ಬೀಳ್ತೀಯ. ನಾನು ನಿನಗಿಂತ ದಪ್ಪ ಇದ್ದೀನಿ, ಏನೂ ಆಗಲ್ಲ."

ಅವಳು ಕುರ್ಚಿಯ ಕೈಗಳನ್ನು ಹಿಡಿದು ಏಳುವ ಮೊದಲೇ ಬಾಗಿಲಲ್ಲಿ ಶೈನಿ ಕಂಡಳು.

"ಸಿಸ್ಟರ್, ಬೇಡ. ನೀವು ವಿಸಿಟರ್. ಅವರು ಬಿದ್ರೆ ಕೇಳೋದು ನನ್ನ."

"ಬೀಳ್ದೇ ಇದ್ರೂ ಯಾರಾದ್ರೂ ಕೇಳ್ಬೇಕಲ್ಲಮ್ಮ," ಎಂದೆ. ನನ್ನ ದನಿ ನನಗೇ ಹಳೆಯ ವಾರ್ಡಿನ ದನಿಯಂತೆ ಕೇಳಿತು. "ನೀವು ಮೈಸೂರಲ್ಲಿ ಓದ್ದೋರು. ಸೊಂಟದ ಆಪರೇಷನ್ ಆದೋರನ್ನ ಯಾವಾಗ ಎಬ್ಬಿಸ್ಬೇಕು ಅಂತ ನಿಮಗೆ ಕಲಿಸಿದ್ದೇನು?"

ಶೈನಿ ನೆಲ ನೋಡಿದಳು. "ಮರುದಿನ," ಎಂದಳು.

ಅವಳು ಹೋದಳು. ಇನ್ನು ನನ್ನನ್ನು ಈ ಮನೆಯೊಳಗೆ ಬಿಡುವುದಿಲ್ಲ ಎಂದುಕೊಂಡೆ. ಆದರೆ ಐದು ನಿಮಿಷಕ್ಕೆ ಶೈನಿ ವಾಪಸು ಬಂದಳು. ಕೈಯಲ್ಲಿ ಅಗಲವಾದ ಒಂದು ಪಟ್ಟಿ, ನಡೆಸುವಾಗ ರೋಗಿಯ ಸೊಂಟಕ್ಕೆ ಕಟ್ಟಿ ಹಿಡಿದುಕೊಳ್ಳುವಂಥದ್ದು. "ಹನ್ನೊಂದಕ್ಕೆ ನನ್ನ ಟೀ ಬ್ರೇಕ್. ನಾಲ್ಕಕ್ಕೆ ಇನ್ನೊಂದು. ಎರಡು ಸಲ ನಾನೇ ಬರ್ತೀನಿ. ನಾನಿಲ್ಲದಾಗ ಏಳಿಸಬೇಡಿ. ಮಾತು ಕೊಡಿ."

ಕೊಟ್ಟೆ. ಮೊದಲ ದಿನ ಗಿರಿಜೆ ಎರಡು ಸಲ ಎದ್ದಳು, ಎರಡನೆಯ ಸಲಕ್ಕೆ ಕಾಲು ಗಡಗಡ ನಡುಗಿ ಕುಸಿದು ಕೂತಳು. ನಾಲ್ಕನೆಯ ದಿನ ಆರು ಸಲ. ಏಳನೆಯ ದಿನ ವಾಕರಿನ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಎಸೆದು, ಕಿಟಕಿಯಿಂದ ಬಾಗಿಲಿಗೆ ಹೋದಳು. ಹೋಗುವಾಗ ನನ್ನನ್ನೂ ಶೈನಿಯನ್ನೂ ಅಪ್ಪಟ ನಂಜನಗೂಡಿನ ಭಾಷೆಯಲ್ಲಿ ಬೈದಳು. ಪಕ್ಕದ ಕೋಣೆಯ ಅಜ್ಜಿ ಇದೇನೋ ಪ್ರಾರ್ಥನೆಯೆಂದು ತಿಳಿದು ಕೈ ಜೋಡಿಸಿ ಕುಳಿತಿದ್ದರು.

ಇನ್‌ಸ್ಪೆಕ್ಟರ್ ಬಂದ ಬೆಳಗ್ಗೆ

ಎರಡನೆಯ ವಾರದ ಒಂದು ಬೆಳಗ್ಗೆ ಸರ್ಕಾರದ ತಪಾಸಣೆಯವರು ಬಂದರು. ಅಲ್ಲಿ ತಪಾಸಣೆಗೆ ಮೊದಲೇ ತಿಳಿಸಿ ಬರುವುದಿಲ್ಲವಂತೆ. ನಮ್ಮ ಕಡೆ ದೊಡ್ಡ ಸಾಹೇಬರು ಬರುವ ಹಿಂದಿನ ದಿನವೇ ಸುಣ್ಣ ಬಳಿದು, ಕುಂಡ ತಂದಿಟ್ಟು, ಹೊಸ ಬೆಡ್‌ಶೀಟು ಹಾಸಿ ಕಾಯುತ್ತಿದ್ದುದು ನೆನಪಾಗಿ ನಗು ಬಂತು. ಇಲ್ಲಿ ನೀಲಿ ಕೋಟಿನ ಒಬ್ಬ ಹೆಂಗಸು, ಕೈಯಲ್ಲಿ ಒಂದು ಚೀಲ, ಒದ್ದೆ ಕೊಡೆ. ಅಷ್ಟೇ ಪರಿವಾರ.

ಶೈನಿಯ ಮುಖ ಬಿಳಿಚಿತ್ತು. ಇನ್‌ಸ್ಪೆಕ್ಟರ್ ದಾಖಲೆ ನೋಡಿದರು, ಔಷಧಿಯ ಕಪಾಟು ನೋಡಿದರು, ಅಡುಗೆಮನೆಗೂ ಹೋದರು. ಹನ್ನೊಂದರ ಹೊತ್ತಿಗೆ ಗಿರಿಜೆಯ ಬಾಗಿಲು ತಟ್ಟಿದರು. ನನ್ನನ್ನು ನೋಡಿ, "ಭೇಟಿಗೆ ಬಂದವರ ಅಭಿಪ್ರಾಯವನ್ನೂ ಕೇಳುತ್ತೇನೆ. ಒಂದು ನಿಮಿಷ ಹೊರಗೆ ಬರುತ್ತೀರಾ? ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ," ಎಂದರು.

ಆ ಒಂದು ನಿಮಿಷ ನನಗೆ ಬಹಳ ಉದ್ದವಾಯಿತು. ಹತ್ತು ದಿನದಿಂದ ಶೈನಿ ತನ್ನ ಚಹಾ ಬಿಟ್ಟು ಗಿರಿಜೆಯ ಸೊಂಟದ ಪಟ್ಟಿ ಹಿಡಿದಿದ್ದಳು. "ಗ್ರ್ಯಾಂಡ್" ಎಂದುಬಿಟ್ಟರೆ ಅವಳ ಋಣ ತೀರುತ್ತಿತ್ತು. ಆದರೆ ಆ ಊಟದ ಕೋಣೆಯಲ್ಲಿದ್ದ ಉಳಿದವರಿಗೆ ಮೈಸೂರಿನಿಂದ ಬರುವ ಸ್ನೇಹಿತೆಯರಿಲ್ಲ.

"ಹೇಳುತ್ತೇನೆ," ಎಂದೆ. "ಆದರೆ ಮೇಲ್ವಿಚಾರಕಿಯನ್ನೂ ಕರೆಯಿರಿ. ಅವರ ಬೆನ್ನ ಹಿಂದೆ ಹೇಳುವ ಮಾತಲ್ಲ ಇದು."

ಶೈನಿ ಬಂದು ನಿಂತಳು. ನನ್ನ ಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಲ್ಲಿ ಶುಚಿ ಚೆನ್ನಾಗಿದೆ, ಊಟ ಚೆನ್ನಾಗಿದೆ, ಕರೆದರೆ ಓಡಿ ಬರುತ್ತಾರೆ, ಅದನ್ನು ನಾನು ಬಚ್ಚಲಿನಲ್ಲಿ ಸ್ವತಃ ಪರೀಕ್ಷಿಸಿದ್ದೇನೆ. ಯಾರೂ ಯಾರನ್ನೂ ಗದರುವುದಿಲ್ಲ. ಆದರೆ ಇಲ್ಲಿ ಯಾರನ್ನೂ ಎದ್ದು ನಿಲ್ಲಿ ಎಂದು ಕೇಳುವುದಿಲ್ಲ.

"ಅದು ನಿಮಗೆ ಹೇಗೆ ಗೊತ್ತು?" ಎಂದರು ಆಕೆ.

"ಬನ್ನಿ," ಎಂದು, ಎಲ್ಲರನ್ನೂ ಚಹಾಕ್ಕೆ ಕೂರಿಸಿದ್ದ ಊಟದ ಕೋಣೆಗೆ ಕರೆದುಕೊಂಡು ಹೋದೆ. "ಚಪ್ಪಲಿಯ ಅಡಿ ನೋಡಿ."

ಅಷ್ಟು ದೊಡ್ಡ ಅಧಿಕಾರಿ ನೀಲಿ ಕೋಟಿನಲ್ಲೇ ಮಂಡಿಯೂರಿ ಕುಳಿತರು. ಒಬ್ಬರಾದ ಮೇಲೆ ಒಬ್ಬರ ಅನುಮತಿ ಕೇಳಿ ಕಾಲಿನ ಚಪ್ಪಲಿ ನೋಡುತ್ತ ಹೋದರು. ಎದ್ದಾಗ ಅವರ ಮುಖ ಗಂಭೀರವಾಗಿತ್ತು, ತುಂಬ ಹೊತ್ತು ಬರೆದುಕೊಂಡರು. ಶೈನಿ ನನ್ನನ್ನು ನೋಡಲೂ ಇಲ್ಲ. ನಾಲ್ಕು ಗಂಟೆಗೆ ಅವಳು ಬರಲಿಲ್ಲ. ಮರುದಿನ ಹನ್ನೊಂದಕ್ಕೂ ಬರಲಿಲ್ಲ. ಪಟ್ಟಿ ಹಿಡಿಯಲು ಬೇರೊಬ್ಬ ಹುಡುಗಿಯನ್ನು ಕಳಿಸಿದಳು.

"ಪಾಪ ಕಣೇ, ಒಳ್ಳೇ ಹುಡ್ಗಿ," ಎಂದಳು ಗಿರಿಜೆ.

"ಗೊತ್ತು," ಎಂದೆ.

ಮೂರನೆಯ ದಿನ ಶೈನಿ ತಾನೇ ಬಂದಳು. ಬಾಗಿಲು ಹಾಕಿ, ನನ್ನೆದುರು ಕುಳಿತು, ಮಡಿಸಿದ ಕಾಗದಗಳ ಒಂದು ಕಟ್ಟು ನನ್ನ ಕೈಗಿಟ್ಟಳು.

"ಓದಿ ಸಿಸ್ಟರ್. ಎರಡು ವರ್ಷದಿಂದ ಮಾಲೀಕರಿಗೆ ನಾನು ಬರೆದ ಪತ್ರಗಳು. ಥೆರಪಿಸ್ಟ್ ವಾರಕ್ಕೆ ಮೂರು ದಿನ ಬೇಕು, ನಡೆಸೋಕೆ ಇಬ್ಬರು ಹೆಚ್ಚು ಬೇಕು ಅಂತ. ಪ್ರತಿ ಸಲ 'ನೋಡೋಣ' ಅಂತಾರೆ. ಕೇಳಿ ಕೇಳಿ ಸುಸ್ತಾಗಿ ನಾನೂ ವೀಲ್‌ಚೇರ್ ತಳ್ಳೋಕೆ ಶುರು ಮಾಡಿದೆ." ಅವಳ ಕಣ್ಣು ತುಂಬಿತ್ತು. "ಮೊನ್ನೆ ನಿಮ್ಮ ಮೇಲೆ ತುಂಬ ಸಿಟ್ಟು ಬಂತು. ಆಮೇಲೆ ಈ ಪತ್ರ ಎಲ್ಲ ತಗೊಂಡು ಇನ್‌ಸ್ಪೆಕ್ಟರ್ ಹತ್ರ ನಾನೇ ಹೋದೆ. ಇವತ್ತು ಮಾಲೀಕರಿಂದ ಫೋನ್ ಬಂತು. ಸೋಮವಾರದಿಂದ ಥೆರಪಿಸ್ಟ್ ವಾರಕ್ಕೆ ಮೂರು ದಿನ. ಇಬ್ಬರು ಹೊಸಬರು."

ನಾನು ಏನಾದರೂ ಹೇಳುವ ಮೊದಲೇ ಗಿರಿಜೆ ಕುರ್ಚಿಯ ಕೈ ಹಿಡಿದು, ಯಾರೂ ಪಟ್ಟಿ ಹಿಡಿಯದೆ, ತಾನಾಗಿ ಎದ್ದು ನಿಂತು ಶೈನಿಯ ತಲೆ ಸವರಿದಳು. ಅವಳು ಎದ್ದದ್ದು ನಮ್ಮಿಬ್ಬರಿಗೂ ತಿಳಿದದ್ದು ಆಮೇಲೆ.

ಸಭೆಯ ಕೋಣೆ

ಸಭೆಯ ದಿನ ಗಿರಿಜೆ ಬೆಳಗ್ಗೆಯೇ ಸ್ನಾನ ಮಾಡಿ, ನಾನು ತಂದಿದ್ದ ಮೈಸೂರು ರೇಷ್ಮೆ ಸೀರೆ ಉಡುತ್ತೇನೆಂದು ಹಟ ಹಿಡಿದಳು. ನೆರಿಗೆ ಕಾಲಿಗೆ ಸಿಕ್ಕಿಕೊಂಡರೆ ಗತಿಯೇನು ಎಂದು ನಾನು, ಶೈನಿ, ಥೆರಪಿಸ್ಟ್ ಮೂವರೂ ಬೇಡವೆಂದೆವು. ಕೊನೆಗೆ ಪ್ಯಾಂಟು, ಗಟ್ಟಿ ಬೂಟು, ಹೆಗಲ ಮೇಲೆ ಶಾಲಿನ ಹಾಗೆ ಆ ಸೀರೆಯನ್ನು ಮಡಿಸಿ ಹೊದ್ದು, ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಟಳು.

ಮೇಜಿನ ಸುತ್ತ ಐದು ಜನ. ಆಸ್ಪತ್ರೆಯವರು, ಸಮಾಜ ಕಲ್ಯಾಣದವರು, ಶೈನಿ, ಥೆರಪಿಸ್ಟ್, ಇನ್ನೊಬ್ಬರು. ಒಂದು ಬದಿಯಲ್ಲಿ ಕುರ್ಚಿ ತೆಗೆದು ವೀಲ್‌ಚೇರಿಗೆ ಜಾಗ ಬಿಟ್ಟಿದ್ದರು. ಗಿರಿಜೆ ವಾಕರ್ ಹಿಡಿದು ಬಾಗಿಲಲ್ಲಿ ನಿಂತಳು. ಹೆಜ್ಜೆ, ವಾಕರ್, ಹೆಜ್ಜೆ. ಖಾಲಿ ಜಾಗದ ಎದುರು ಬಂದು ನಿಂತು ಇಂಗ್ಲಿಷಿನಲ್ಲಿ, "ನನಗೆ ಒಂದು ಕುರ್ಚಿ ಬೇಕಲ್ಲ," ಎಂದಳು. ಐದು ಜನವೂ ಒಟ್ಟಿಗೆ ಎದ್ದರು.

ಪ್ರಶ್ನೆಗಳು ಬಂದವು. ಮನೆಯ ಮುಂದೆ ಮೂರು ಮೆಟ್ಟಿಲಿವೆಯಲ್ಲ? ಹಿಂದಿನ ದಿನ ಅದೇ ಎತ್ತರದ ಮೆಟ್ಟಿಲು ಹತ್ತಿ ಇಳಿದಿದ್ದಾರೆ ಎಂದ ಥೆರಪಿಸ್ಟ್. ಮತ್ತೆ ಬಿದ್ದರೆ? ಕೊರಳಿಗೆ ಹಾಕಿಕೊಳ್ಳುವ ಒಂದು ಗುಂಡಿ ಕೊಡುತ್ತಾರಂತೆ. ಒತ್ತಿದರೆ ಸಹಾಯಕ್ಕೆ ಬರುತ್ತಾರೆ.

ಆಸ್ಪತ್ರೆಯವರು ಕೊನೆಗೆ, "ಇಲ್ಲಿ ನಿಮಗೆ ಎಲ್ಲ ಅನುಕೂಲವಿದೆ. ಮನೆಗೇ ಹೋಗಬೇಕು ಅನ್ನಿಸುತ್ತಿದೆಯಾ?" ಎಂದರು.

ಗಿರಿಜೆ ನನ್ನತ್ತ ನೋಡಲಿಲ್ಲ. "ಇವರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ನನಗೆ ಭಯವಿತ್ತು, ಅದಕ್ಕೇ ಸುಮ್ಮನಿದ್ದೆ. ಭಯ ಈಗಲೂ ಇದೆ. ಆದರೂ ನಾನು ಮನೆಗೆ ಹೋಗುತ್ತೇನೆ," ಎಂದಳು.

ಹಾಗೆಂದೇ ಬರೆದುಕೊಂಡರು. ಹೊರಗೆ ಬಂದಾಗ ಶೈನಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಸುಕಿದಳೆಂದರೆ ಬಳೆಯೊಂದು ಒಡೆಯಿತು.

ಬಸ್ ಸ್ಟಾಪು

ಗಿರಿಜೆ ಮನೆಗೆ ಬಂದ ದಿನ ನೋರಾ ಕೇಕು ತಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಗಿರಿಜೆ ತುಸು ಹೊತ್ತು ನಿಂತೇ ಇದ್ದಳು. ತಾನು ಬಿದ್ದ ಜಾಗವನ್ನು ದಿಟ್ಟಿಸಿದಳು. ಆಮೇಲೆ ವಾಕರನ್ನು ಅದರ ಮೇಲೇ ಊರಿಕೊಂಡು ದಾಟಿ ಹೋಗಿ ಒಲೆ ಹಚ್ಚಿದಳು. ಅವತ್ತು ಅವಳು ನಿಂತುಕೊಂಡೇ ಉಪ್ಪಿಟ್ಟು ಮಾಡಿದಳು. ಉಪ್ಪು ಹೆಚ್ಚಾಗಿತ್ತು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು.

ಇನ್ನೊಂದು ವಾರ ಜೊತೆಗಿದ್ದು ನಾನು ಹೊರಟೆ. ಬಸ್ ಸ್ಟಾಪು ಅವಳ ಬೀದಿಯ ಕೊನೆಯಲ್ಲಿ, ಸಣ್ಣ ಏರಿನ ಮೇಲೆ. ಮನೆಯಲ್ಲೇ ಇರು ಎಂದರೆ ಕೇಳಲಿಲ್ಲ. ನಾನು ಪೆಟ್ಟಿಗೆ ಎಳೆಯುತ್ತ, ಅವಳು ವಾಕರ್ ಊರುತ್ತ, ನೋರಾ ಮಧ್ಯೆ ಮಧ್ಯೆ ಹವೆಯನ್ನು ಹೊಗಳುತ್ತ ಏರು ಹತ್ತಿದೆವು. ಅಲ್ಲಿ ಒಂದು ಬೆಂಚಿತ್ತು.

"ಕೂತ್ಕೊಳೇ, ಬಸ್ಸಿಗೆ ಇನ್ನೂ ಹೊತ್ತಿದೆ."

"ನೀನ್ ಕೂತ್ಕೊ, ಉಸ್ ಅಂತಿದ್ದೀಯ," ಎಂದಳು. "ನಾನು ನಿಂತ್ಕೋತೀನಿ."

ನಾನು ಕೂತೆ. ಅವಳು ನಿಂತಳು. ಕಡಲ ಕಡೆಯಿಂದ ಬೀಸುವ ಗಾಳಿಗೆ ಅವಳ ಬಿಳಿ ಕೂದಲು ಹಾರುತ್ತಿತ್ತು. ಬಸ್ಸು ಬಂತು. ಅವಳನ್ನು ಅಪ್ಪಿಕೊಂಡು ಹತ್ತಿ ಕಿಟಕಿಯ ಪಕ್ಕ ಕುಳಿತೆ.

ಬಸ್ಸು ಹೊರಟಾಗ ತಿರುಗಿ ನೋಡಿದೆ. ಎರಡು ಕೈಯಲ್ಲೂ ವಾಕರ್ ಹಿಡಿದು ಗಿರಿಜೆ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಬೀಸಿದೆ. ಅವಳು ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಬಲಗೈ ಬಿಟ್ಟಳು, ತಲೆಗಿಂತ ಮೇಲಕ್ಕೆ ಎತ್ತಿ ಬೀಸತೊಡಗಿದಳು.

"ಕೈ ಬಿಡಬ್ಯಾಡ್ವೇ! ಹಿಡ್ಕೊಳೇ!" ಎಂದು ನಾನು ಅರಚಿದೆ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಅವಳಿಗೆ ಕೇಳಿಸುವಂತಿರಲಿಲ್ಲ. ಎಡಗೈಯನ್ನೂ ಬಿಟ್ಟಳು. ಬಸ್ಸು ತಿರುವು ದಾಟುವವರೆಗೂ ಗಿರಿಜೆ ಆ ಏರಿನ ಮೇಲೆ ಎರಡೂ ಕೈ ಎತ್ತಿ ಬೀಸುತ್ತ ನಿಂತೇ ಇದ್ದಳು.